ಗಾಳಿಮನೆಯ ಎರಡು ಬಾಗಿಲು

“ಆ ಬಾಗಿಲಾ ಮುಚ್ಚಿದ ಮ್ಯಾಲೆ ಈ ಬಾಗಿಲಾ ತಗೀಬೇಕು. ಎಂ.ಎ. ಓದಾಕಿಗೆ ಇಷ್ಟೂ ತಿಳಿಯೂದಿಲ್ಲೇನು?”

ಮೊದಲ ದಿನವೇ ದುರಗೇಶ ಅವಳ ಮೇಲೆ ಹರಿಹಾಯ್ದಿದ್ದ. ಹಿಂದೆ ನಿಂತಿದ್ದ ಅವಳ ಬ್ಯಾಡ್ಮಿಂಟನ್ ತಂಡ ಕಿಸಕ್ಕನೆ ನಕ್ಕಿತು.

“ಫ್ಯಾನ್ ತಿರುಗಸಾಂವ ನನಗ ಪಾಠಾ ಹೇಳಬ್ಯಾಡ,” ಎಂದಳು ಅಳವಂಡಿಯ ಶ್ವೇತಾ.

ಕೊಪ್ಪಳದ ಹೊರಗಿನ ಆ ವಿಶ್ವವಿದ್ಯಾಲಯದಲ್ಲಿ ಎದ್ದಿದ್ದ ಒಳಾಂಗಣ ಕ್ರೀಡಾಂಗಣಕ್ಕೆ ಕಂಬವಿಲ್ಲ, ತೊಲೆಯಿಲ್ಲ. ದಪ್ಪ ಬಿಳಿ ಬಟ್ಟೆಯ ಚಾವಣಿಯನ್ನು ಬ್ಲೋವರ್ ಯಂತ್ರ ಊದುವ ಗಾಳಿಯೇ ಎತ್ತಿ ಹಿಡಿದಿತ್ತು. ಒಳಬಾಗಿಲು, ಹೊರಬಾಗಿಲು ಒಟ್ಟಿಗೆ ತೆರೆದರೆ ಗಾಳಿ ಹೊರಗೆ, ಚಾವಣಿ ತಲೆಯ ಮೇಲೆ. ಸದಾ ಓಡುವುದೊಂದು, ತುರ್ತಿಗೊಂದು ಎಂದು ಇದ್ದ ಎರಡು ಬ್ಲೋವರ್ ಕಾಯುವವನು ನವಲಿಯ ದುರಗೇಶ, ಏಳನೇ ತರಗತಿಗೇ ಶಾಲೆ ಬಿಟ್ಟವನು.

ವರ್ಷವಿಡೀ ಇಬ್ಬರೂ ಕಚ್ಚಾಡಿದರು. ಆದರೂ ಅವಳ ಅಭ್ಯಾಸ ಮುಗಿಯುವವರೆಗೆ ಅವನು ಮನೆಗೆ ಹೋಗುತ್ತಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು... ಗೊತ್ತಿಲ್ಲದವಳಂತೆ ಇದ್ದಳು.

ಪಂದ್ಯಾವಳಿಯ ಉದ್ಘಾಟನೆಗೆ ಅತಿಥಿಗಳು ಬಂದರು. ದೊಡ್ಡ ಮನುಷ್ಯರನ್ನು ಬಾಗಿಲುಗಳ ನಡುವೆ ನಿಲ್ಲಿಸುವುದೇ? ಕ್ರೀಡಾ ನಿರ್ದೇಶಕರು ಎರಡನ್ನೂ ಅಗಲವಾಗಿ ತೆಗೆಸಿದರು. ಒಳಬಾಗಿಲಲ್ಲಿ ಆರತಿ ತಟ್ಟೆ ಹಿಡಿದವಳು ಶ್ವೇತಾ. ಡೊಳ್ಳು, ಹಾರ, ಫೋಟೊ... ಮುಗಿಯುವಷ್ಟರಲ್ಲಿ ಚಾವಣಿ ಜೋತುಬಿತ್ತು. ನೂಕುನುಗ್ಗಲಿನಲ್ಲಿ ಬಿದ್ದು ಎದ್ದು ಅವಳು ಹೊರಬಂದಾಗ ದುರಗೇಶನ ಕೈ ಬ್ಲೋವರ್ ಸ್ವಿಚ್ಚಿನ ಮೇಲಿತ್ತು. ಅವತ್ತು ಬೆಳಿಗ್ಗೆಯೇ ಇಬ್ಬರಿಗೂ ಜಗಳವಾಗಿತ್ತು.

‘ಬೇಕಂತನ ಬಂದ್ ಮಾಡ್ಯಾನ...’

“ಕಂಡದ್ದನ್ನ ಬರದು ಕೊಡವಾ,” ಎಂದರು ನಿರ್ದೇಶಕರು. ಅಂದುಕೊಂಡದ್ದನ್ನೇ ಬರೆದು ಕೊಟ್ಟಳು. ಸಂಜೆಗೆ ಅವನ ಕೆಲಸ ಹೋಯಿತು. ಬಾಗಿಲು ತೆಗೆಸಿದವರನ್ನು ಯಾರೂ ಕೇಳಲಿಲ್ಲ. ಕೇಳುವ ಗಂಡೆದೆ ಯಾರಿಗಿತ್ತು ಅಲ್ಲಿ?

ಮರುವರ್ಷ ಗಾಳಿಮನೆ ಮತ್ತೆ ಎದ್ದಿತು. ಮತ್ತೆ ಅತಿಥಿ, ಮತ್ತೆ ಎರಡೂ ಬಾಗಿಲು. ಬ್ಲೋವರ್‌ಗಳೆರಡೂ ಗುಡುಗುತ್ತಿದ್ದರೂ ಶ್ವೇತಾಳ ಕಣ್ಣೆದುರೇ ಚಾವಣಿ ಇಳಿಯತೊಡಗಿತು. ಅವಳು ಓಡಿಹೋಗಿ ಹೊರಬಾಗಿಲು ಎಳೆದುಕೊಂಡಳು. ಚಾವಣಿ ನಿಧಾನಕ್ಕೆ ಮೇಲೆದ್ದಿತು.

‘ಅಂವ ಬಂದ್ ಮಾಡಿರಲಿಲ್ಲ. ಎರಡನೇ ಬ್ಲೋವರ್ ಚಾಲೂ ಮಾಡಾಕ ಓಡಿದ್ದ...’

ವಾರದ ನಂತರ ಮುನಿರಾಬಾದಿನ ಮೋಟರ್ ರಿಪೇರಿ ಅಂಗಡಿಯಲ್ಲಿ ಅವನನ್ನು ಹುಡುಕಿ ಹಿಡಿದಳು.

“ಎದಕ್ಕ ಬಂದಿ?” ತಾಮ್ರದ ತಂತಿ ಸುತ್ತುತ್ತಿದ್ದವನು ತಲೆ ಎತ್ತಲಿಲ್ಲ.

“ನಂದು ತಪ್ಪಾತು.”

“ನಿನ್ನ ಒಂದು ಸಹಿಗೆ ನಮ್ಮವ್ವ ಊರಾಗ ತಲಿ ಎತ್ತದಂಗಾತು. ತಪ್ಪಾತು ಅಂದ್ರ ಮುಗೀತೇನು?”

“ಮುಗಿಯೂದಿಲ್ಲ. ಅದಕ್ಕ ಕುಲಪತಿಗಳಿಗೆ ಬರದು ಕೊಟ್ಟೀನಿ. ಬಾಗಿಲಾ ತಗಿಸಿದವ್ರು ಸಾಹೇಬ್ರು, ಅಡ್ಡ ನಿಂತು ಆರತಿ ಎತ್ತಿದಾಕಿ ನಾನು ಅಂತ.”

ತಂತಿ ನಿಂತಿತು.

“ಸಾಹೇಬ್ರು ಸುಮ್ಮನ ಬಿಟ್ರೇನು?”

“ಟೀಮಿನಿಂದ ತಗದ್ರು.”

ಆಗ ತಲೆ ಎತ್ತಿದ. “ಹುಚ್ಚಿ ಅದೀಯೇನು? ಆಟ ಬಿಟ್ರ ನಿನಗ ಊಟ ಸೇರೂದಿಲ್ಲ.”

“ನಿನ್ನ ಹೆಸರು ಕೆಡಿಸಿದ ಮ್ಯಾಲೂ ಸೇರಿಲ್ಲ.” ಅವಳು ಚೀಲದಿಂದ ಕಾಗದ ತೆಗೆದಳು. “ಕುಲಪತಿಗಳು ನಿನ್ನ ತಿರುಗಿ ಕೆಲಸಕ್ಕ ಕರದಾರ. ಕಾಗದ ತಂದೀನಿ.”

“ನಾ ಬರೂದಿಲ್ಲ. ಅವರ ಚಾಕರಿ ಸಾಕು.”

“ಬರಬ್ಯಾಡ. ನಿಂದು ತಪ್ಪಿಲ್ಲ ಅಂತ ಅದರಾಗ ಬರದಾರ, ನಿಮ್ಮವ್ವಗ ಓದಿ ಹೇಳು.”

ಕಾಗದ ಇಟ್ಟು ಹೊರಟಳು.

“ಕುಂದ್ರು,” ಎಂದ ಅವನು ಗಡುಸಾಗಿ. “ನನ್ನ ಸಿಟ್ಟು ಇನ್ನೂ ಇಳದಿಲ್ಲ.”

“ಇಳಿಯೂತನಕ ದಿನಾ ಬರ್ತೀನಿ.”

“ಇಳದ ಮ್ಯಾಲೆ?”

“ನೀ ಬರಬೇಕು. ಅಳವಂಡಿಗೆ... ನಮ್ಮಪ್ಪನ ಹತ್ರ.”

ದುರಗೇಶ ತಂತಿಯ ಸುರುಳಿ ಪಕ್ಕಕ್ಕಿಟ್ಟ.

“ನಿಮ್ಮಪ್ಪಗ ಸಿಟ್ಟು ಭಾಳೇನು?”

“ನಿನ್ನಷ್ಟಿಲ್ಲ.”