ನಕ್ಷೆಯಲ್ಲಿಲ್ಲದ ಕರುಳು

ಶಸ್ತ್ರಕ್ರಿಯೆ ಮಾಡುವ ಯಂತ್ರ ಸ್ವಯಂಶಸ್ತ್ರದ ಆರು ಕೈಗಳು ನೀಲಮ್ಮನ ಹೊಟ್ಟೆಯನ್ನು ಎರಡೇ ನಿಮಿಷದಲ್ಲಿ ತೆರೆದವು. ತೆರೆದು, ಆರೂ ಒಟ್ಟಿಗೆ ನಿಂತುಬಿಟ್ಟವು. ಹೊರಗಿನ ಪರದೆಯಲ್ಲಿ ನೋಡುತ್ತಿದ್ದ ಗಂಡ ಅಯ್ಯಣ್ಣ ಎದ್ದು ನಿಂತ.

ಯಂತ್ರದ ನೆನಪಿನಲ್ಲಿ ಲಕ್ಷಾಂತರ ದೇಹಗಳಿಂದ ಕೂಡಿಸಿದ ನಕ್ಷೆಯಿತ್ತು. ಕಂಡದ್ದನ್ನು ಅದಕ್ಕೆ ಹೊಂದಿಸಿಕೊಂಡೇ ಅದು ಕತ್ತರಿ ಆಡಿಸುತ್ತಿತ್ತು. ಅದು ಬಂದ ಮೇಲೆ, ಕೃಷ್ಣೆಯ ದಂಡೆಯ ಆ ಸಣ್ಣ ಊರಿನಲ್ಲೂ ವೈದ್ಯರು ಚಾಕು ಹಿಡಿಯುವುದನ್ನು ಬಿಟ್ಟಿದ್ದರು.

ಡಾಕ್ಟರ್ ನಫೀಸಾ ಒಳಗಿನಿಂದ ಬಾಗಿಲಿಗೆ ಓಡಿಬಂದರು.

"ಯಾಕ್ ನಿಂತೈತ್ರಿ ಮೇಡಂ?"

"ತಾಯಿಯ ಹೊಟ್ಟೆಯಲ್ಲಿದ್ದಾಗಲೇ ಎಲ್ಲರ ಕರುಳೂ ತಿರುಗಿ, ತನ್ನ ಜಾಗಕ್ಕೆ ಬಂದು ಅಂಟಿಕೊಳ್ಳುತ್ತೆ. ಇವರದು ಅರ್ಧಕ್ಕೇ ನಿಂತಿದೆ. ಬಲಗಡೆ ಇರಬೇಕಾದದ್ದು ಎಡಗಡೆ ಇದೆ. ಹಿಡಿತವಿಲ್ಲದ ಕರುಳು ಈಗ ಹಗ್ಗದ ಹಾಗೆ ಹುರಿಗೊಂಡು ರಕ್ತ ನಿಂತುಹೋಗಿದೆ. ಯಂತ್ರಕ್ಕೆ ದಿಕ್ಕು ತಪ್ಪಿದೆ."

"ಮೂವತ್ತಾರು ವರ್ಷ ಹೆಂಗ್ ಇದ್ದಳ್ರಿ ಮತ್ತ?"

"ಆಗಾಗ ಹೊಟ್ಟೆನೋವು ಬಂದಿರಬೇಕಲ್ಲ?"

ಬಂದಿತ್ತು. ಮೂರು ಸಲ, ಅದೇ ನಕ್ಷೆ ನೋಡುವ ತಪಾಸಣಾ ಯಂತ್ರ 'ದೋಷವಿಲ್ಲ' ಎಂದು ಚೀಟಿ ಕೊಟ್ಟಿತ್ತು. ಆ ಚೀಟಿಯನ್ನೇ ಮುಖಕ್ಕೆ ಹಿಡಿದು, ತಮ್ಮ ಖಾನಾವಳಿಯ ಗಿರಾಕಿಗಳೆದುರು ಅವಳನ್ನು ಕೆಲಸಗಳ್ಳಿ ಎಂದವನು ಅವನೇ.

"ನೀವ ಕೈಯಿಂದ ಆ ಹುರಿ ಬಿಚ್ರಿ," ಎಂದ.

"ನಾನು ಕೈಯಾರೆ ಮಾಡಿ ಹನ್ನೊಂದು ವರ್ಷ ಆಯ್ತು. ಬೇರೆಲ್ಲಿಗೂ ಕಳಿಸೋಕೆ ಹೊತ್ತೂ ಇಲ್ಲ." ಅವರು ಕೈಗವಸು ಬದಲಿಸಿ ಒಳಗೆ ಹೋದರು.

ಪರದೆಯಲ್ಲಿ ಈಗ ಅವರ ಕೈಗಳು ಕಂಡವು. ಬದನೆಕಾಯಿ ಬಣ್ಣಕ್ಕೆ ತಿರುಗಿದ್ದ ಕರುಳನ್ನು ಹೊರಗೆತ್ತಿ, ಗಡಿಯಾರದ ಮುಳ್ಳಿಗೆ ಎದುರಾಗಿ ಒಂದು, ಎರಡು, ಮೂರು ಸುತ್ತು ಬಿಡಿಸಿದರು. ಅದನ್ನು ಬಿಗಿದಿದ್ದ ಪೊರೆಯ ಪಟ್ಟಿಗಳನ್ನು ಕತ್ತರಿಸಿ, ಬೆಚ್ಚನೆಯ ಒದ್ದೆ ಬಟ್ಟೆ ಹೊದಿಸಿ, ಸುಮ್ಮನೆ ನಿಂತರು.

"ಈಗೇನ್ ಮಾಡ್ತಾರ್ರಿ?" ಎಂದು ಅಯ್ಯಣ್ಣ ಪಕ್ಕದ ನರ್ಸನ್ನು ಕೇಳಿದ.

"ಏನಿಲ್ಲಣ್ಣ. ಜೀವ ಬರತೈತೇನಂತ ಕಾಯೂದು, ಅಷ್ಟ."

ಇಪ್ಪತ್ತು ನಿಮಿಷದ ಮೇಲೆ ಬಟ್ಟೆ ತೆಗೆದರು. ಅರ್ಧ ಕರುಳು ಕೆಂಪೇರಿತ್ತು. ಉಳಿದರ್ಧ ಕಪ್ಪಾಗಿಯೇ ಇತ್ತು, ಅದನ್ನು ತೆಗೆಯಬೇಕಾಯಿತು. ನೀಲಮ್ಮ ಉಳಿದಳು. ಆದರೆ ಇನ್ನು ಬದುಕಿರುವಷ್ಟು ಕಾಲ ಅವಳದು ತುತ್ತು ಎಣಿಸಿ ಉಣ್ಣುವ ಬಾಳು.

ಯಾರೂ ಹೇಳದಿದ್ದರೂ ಯಂತ್ರ ಆ ಹೊಸ ನಕ್ಷೆಯನ್ನು ಕಲಿತುಕೊಂಡಿತು. ಮೂರನೆಯ ದಿನ ಸುತ್ತಲ ಜಿಲ್ಲೆಗಳ ಹಳೆಯ ತಪಾಸಣಾ ಚಿತ್ರಗಳನ್ನೆಲ್ಲ ತಾನೇ ಮತ್ತೆ ತಿರುವಿಹಾಕಿ, ಇಂಥದೇ ಕರುಳಿನವರ ನಾನೂರ ಹನ್ನೆರಡು ಹೆಸರು ಮುಂದಿಟ್ಟಿತು. ಅವರಲ್ಲಿ ಅರವತ್ತು ಮಂದಿ ಆಗಲೇ ತೀರಿಕೊಂಡಿದ್ದರು. ಉಳಿದವರಿಗೆ ನಫೀಸಾ ಒಬ್ಬರಾದ ಮೇಲೊಬ್ಬರಿಗೆ ಫೋನ್ ಮಾಡತೊಡಗಿದರು. ಔಷಧಿ ಚೀಟಿಗೆಂದು ಬಂದ ಅಯ್ಯಣ್ಣ ಎದುರಿಗೆ ಕುಳಿತಿದ್ದ.

"ನಿಮ್ಮ ಹೊಟ್ಟೆನೋವು ಸುಳ್ಳಲ್ಲಮ್ಮ. ಕಾರಣ ಸಿಕ್ಕಿದೆ, ಬೇಗ ಬನ್ನಿ."

ಫೋನಿನ ಸ್ಪೀಕರಿನಲ್ಲಿ ಆ ಕಡೆಯ ಹೆಂಗಸು ಗಾಬರಿಯಾಗಲಿಲ್ಲ. ಬಿಕ್ಕಿ ಬಿಕ್ಕಿ ಅತ್ತಳು. "ಇನ್ನೊಮ್ಮೆ ಅನ್ರಿ ಮೇಡಂ. ನಮ್ಮ ಮನಿಯವ್ರಿಗೆ ಫೋನ್ ಕೊಡ್ತೀನಿ, ಅವ್ರಿಗೂ ಹೇಳ್ರಿ."

ಗಂಡಸೊಬ್ಬ "ಹಲೋ" ಎಂದ. ಅಯ್ಯಣ್ಣ ಎದ್ದು ಹೋಗಲು ನೋಡಿದ, ಆಮೇಲೆ ತನಗೂ ಹೇಳುವ ಮಾತೆಂಬಂತೆ ಮತ್ತೆ ಕುಳಿತ.