ಕಡಲಿಗೆ ತೆರೆದ ಕೋಣೆ

ಸಾಮಾನಿನ ಚೀಲ ಹಿಡಿದು ಮನೆಯೊಳಗೆ ಕಾಲಿಟ್ಟ ಬ್ರಿಯೋನಿ ಬಾಗಿಲಲ್ಲೇ ನಿಂತುಬಿಟ್ಟಳು.

ಹಿಂದಿನ ಕೋಣೆಯಿಂದ ಬೆಳಕು ಬರುತ್ತಿತ್ತು.

ಹಳೇ ಹಾಸಿಗೆ, ಕೆಟ್ಟ ಹೊಲಿಗೆ ಯಂತ್ರ ತುಂಬಿಟ್ಟಿದ್ದ ಕೋಣೆ ಅದು. ಹಗಲಲ್ಲೂ ದೀಪ ಹಾಕಬೇಕಿತ್ತು. ಅಲ್ಲಿಂದ ಬೆಳಕು...?

ಅವಳು ಓಡಿದಳು.

ಒಂದು ಗೋಡೆಯ ಹಲಗೆಗಳೆಲ್ಲ ಕಿತ್ತು ಬಿದ್ದಿದ್ದವು. ಆ ಜಾಗದಲ್ಲಿ ದೊಡ್ಡದೊಂದು ಕಿಟಕಿ. ಕಿಟಕಿಯ ತುಂಬ ಕಡಲು. ಆಲ್ಬನಿ ಪಟ್ಟಣದ ಬೀದಿಗಳಿಂದ ದಿನವೂ ಕಾಣುತ್ತಿದ್ದ ಅದೇ ಕಡಲು, ಮನೆಯೊಳಗೇ ಬಂದು ನಿಂತಂತೆ ಅಷ್ಟು ಹತ್ತಿರ, ಅಷ್ಟು ಅಗಾಧ.

ಕಿಟಕಿಯ ಪಕ್ಕ, ತಲೆಯೆಲ್ಲ ಧೂಳು ಮೆತ್ತಿಕೊಂಡ ಎತ್ತರದ ಗಂಡಸೊಬ್ಬ ಸುತ್ತಿಗೆ ಹಿಡಿದು ನಿಂತಿದ್ದ.

"ಯಾರು ನೀವು?"

"ದಾರ್ಕೊ. ಬಡಗಿ. ನಿಮ್ಮ ತಾಯಿ ಫೋನ್ ಮಾಡಿ ಕರೆಸಿದ್ರು."

"ಕರೆಸಿದ್ದು ಮೇಜು, ಕಪಾಟು ಮಾಡೋಕೆ. ಈ ಹಲಗೆ ಕೀಳಿ ಅಂತ ಯಾರು ಹೇಳಿದ್ದು?"

ಅವನು ಸುತ್ತಿಗೆ ಕೆಳಗಿಟ್ಟ.

"ಈ ಕಿಟಕಿ ಯಾಕೆ ಮುಚ್ಚಿತ್ತು ಗೊತ್ತಾ ನಿಮಗೆ?" ಅವಳ ದನಿ ನಡುಗಿತು. "ನಾನು ಹುಟ್ಟೋ ಮೊದಲೇ ನಮ್ಮಪ್ಪ ಮೀನು ಹಿಡಿಯೋಕೆ ಹೋದವರು ವಾಪಸ್ ಬರಲಿಲ್ಲ. ದೋಣಿನೂ ಸಿಗಲಿಲ್ಲ. ಅಮ್ಮ ಊಟ ನಿದ್ದೆ ಬಿಟ್ಟು ಇಲ್ಲೇ ಕೂತಿರ್ತಿದ್ದರಂತೆ. ಕೊನೆಗೆ ಚಿಕ್ಕಪ್ಪನೇ ಬಂದು ಹಲಗೆ ಹೊಡೆದದ್ದು."

ದಾರ್ಕೊ ತಲೆ ತಗ್ಗಿಸಿದ. "ತಪ್ಪಾಯ್ತು," ಎಂದನಷ್ಟೆ.

ಹಿಂದೆ ಹೆಜ್ಜೆಯ ಸದ್ದು. ಅಮ್ಮ ಗ್ಲೆನಿಸ್ ಬಾಗಿಲಲ್ಲಿದ್ದಳು. ಕಿಟಕಿಯತ್ತ ಒಮ್ಮೆ ನೋಡಿದವಳೇ ಕಣ್ಣು ತಪ್ಪಿಸಿದಳು. "ಕೆಲಸ ಮುಗೀಲಿ, ಆಮೇಲೆ ನೋಡೋಣ," ಎಂದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬ್ರಿಯೋನಿ ಟೀಚರು. ಉತ್ತರದ ಒಣನೆಲದಲ್ಲಿ, ಒಂದಕ್ಕೊಂದು ನೂರಾರು ಮೈಲಿ ದೂರವಿರುವ ದನದ ಫಾರಂಗಳ ಮಕ್ಕಳಿಗೆ ಕಂಪ್ಯೂಟರಿನಲ್ಲಿ ಪಾಠ ಹೇಳುತ್ತಿದ್ದಳು. ಇಷ್ಟು ದಿನ ಅಡುಗೆಮನೆಯ ಮೂಲೆಯೇ ಶಾಲೆ. ಕುಕ್ಕರಿನ ಸದ್ದಿನ ನಡುವೆ ಮಗ್ಗಿ ಹೇಳಿಸಿ ಸಾಕಾಗಿ, ಈ ಕೋಣೆಯನ್ನೇ ಕಚೇರಿ ಮಾಡಿಕೊಳ್ಳಲು ಹೊರಟಿದ್ದಳು.

ಮರುದಿನವೇ ಅವಳು ಕಿಟಕಿಗೆ ದಪ್ಪ ಪರದೆ ಎಳೆದಳು. ದಾರ್ಕೊ ದೀಪದ ಬೆಳಕಲ್ಲೇ ಮೇಜಿಗೆ ಕಾಲು ಕೂರಿಸಿದ, ಹೊರಗಿನ ಸದ್ದು ಒಳಬರದಂತೆ ಗೋಡೆಗೆ ಉಣ್ಣೆಯ ಹಾಸು ಹೊಡೆದ, ಮಕ್ಕಳು ಅಂಚೆಯಲ್ಲಿ ಕಳಿಸಿದ ಚಿತ್ರಗಳಿಗೆಂದು ಉದ್ದದ ಹಲಗೆಯೊಂದನ್ನು ಕೂರಿಸಿದ. ಅದನ್ನು ಯಾರೂ ಕೇಳಿರಲಿಲ್ಲ.

"ಇದು ಯಾರ ಚಿತ್ರ?" ಒಂದು ದಿನ ಕೇಳಿದ.

"ಮಾರ್ಲಿ ಅಂತ. ಎಂಟು ವರ್ಷ. ಕಡಲನ್ನೇ ನೋಡಿಲ್ಲ ಪಾಪ. ನೀಲಿ ಬಣ್ಣ ಬಳಿದು, ಅದರ ಸುತ್ತ ಬೇಲಿ ಹಾಕಿದಾಳೆ ನೋಡಿ."

ಅವನು ಗೊಳ್ಳನೆ ನಕ್ಕ. ಅವಳಿಗೂ ನಗು ಬಂತು. ತಕ್ಷಣ ಅಮ್ಮನ ಮುಚ್ಚಿದ ಬಾಗಿಲು ನೆನಪಾಗಿ ನಗು ನಿಂತಿತು.

'ಇವನ ಮೇಲೆ ಕೋಪ ಇರಬೇಕಲ್ವಾ ನನಗೆ? ಮತ್ಯಾಕೆ ಬೆಳಿಗ್ಗೆ ಇವನ ವ್ಯಾನಿನ ಸದ್ದಿಗೆ ಕಿವಿ ಕೊಟ್ಟು ಕೂರ್ತೀನಿ...?'

ಕೆಲಸ ಮುಗಿದ ದಿನ ಅವಳು ಗಟ್ಟಿ ಮನಸ್ಸು ಮಾಡಿ ಹೇಳಿದಳು. "ಅಮ್ಮ ಈ ಕೋಣೆಗೆ ಕಾಲಿಡ್ತಿಲ್ಲ. ಕಿಟಕಿ ಮೊದಲಿನ ಹಾಗೆ ಮುಚ್ಚಿಬಿಡಿ."

ದಾರ್ಕೊ ಕಿಟಕಿಯ ಚೌಕಟ್ಟಿನ ಮೇಲೆ ಕೈ ಇಟ್ಟ. "ಬೇರೆ ಏನು ಬೇಕಾದ್ರೂ ಹೇಳಿ, ಮಾಡ್ತೀನಿ. ಇದು ಮಾತ್ರ ನನ್ನ ಕೈಲಾಗಲ್ಲ."

"ಹಾಗಾದ್ರೆ ಹೊರಡಿ."

ಅವನು ಹೊರಟೇಹೋದ. ಚೊಕ್ಕಟವಾದ ಹೊಸ ಕೋಣೆಯಲ್ಲಿ ಕೂತು ಬ್ರಿಯೋನಿ ಯಾಕೆಂದು ತಿಳಿಯದೆ ಅತ್ತಳು.

ಸೋಮವಾರ, ಹೊಸ ಕಚೇರಿಯ ಮೊದಲ ತರಗತಿ. ಕಂಪ್ಯೂಟರಿನ ತೆರೆಯ ಮೇಲೆ ಮಕ್ಕಳ ಮುಖಗಳು. ಲೆಕ್ಕ ಹೇಳಿಕೊಡುತ್ತಿದ್ದಾಗ ಬಾಗಿಲು ಮೆಲ್ಲಗೆ ತೆರೆಯಿತು.

ಅಮ್ಮ.

ಗ್ಲೆನಿಸ್ ಯಾರ ಮುಖವನ್ನೂ ನೋಡದೆ ನೇರ ಕಿಟಕಿಯ ಬಳಿ ಹೋದಳು. ಎರಡೂ ಕೈಯಲ್ಲಿ ಪರದೆ ಹಿಡಿದು ಪಕ್ಕಕ್ಕೆ ಸರಿಸಿದಳು. ಚಳಿಗಾಲದ ಬಿಸಿಲು ಕೋಣೆಗೆ ನುಗ್ಗಿತು.

"ಮಿಸ್..." ಮಾರ್ಲಿಯ ದನಿ ಪಿಸುಗುಟ್ಟಿತು. "ನಿಮ್ಮ ಹಿಂದೆ ಏನೋ ಇದೆ."

ಬ್ರಿಯೋನಿ ತಿರುಗಿದಳು.

ದಡಕ್ಕೆ ಅಷ್ಟು ಹತ್ತಿರದಲ್ಲಿ, ನೀರನ್ನು ಸೀಳಿ ಕಪ್ಪು ಬಂಡೆಯೊಂದು ಮೇಲೇಳುತ್ತಿತ್ತು. ಏಳುತ್ತಲೇ ಇತ್ತು... ಅದಕ್ಕೆ ಕೊನೆಯೇ ಇಲ್ಲವೇನೋ ಎಂಬಂತೆ. ಬಂಡೆ ಉಸಿರು ಬಿಟ್ಟಿತು. ಆವಿಯ ಕಂಬವೊಂದು ಎದ್ದು ಬಿಸಿಲಲ್ಲಿ ಬಣ್ಣ ಬಣ್ಣವಾಗಿ ಚದುರಿತು. ತಿಮಿಂಗಿಲ. ಅದರ ಪಕ್ಕೆಗೆ ಅಂಟಿಕೊಂಡು ಪುಟ್ಟದೊಂದು ಮರಿ ತೇಲಿತು.

ಸಾವಿರ ಮೈಲಿ ಆಚೆಯ ಒಣನೆಲದ ಮನೆಗಳಲ್ಲಿ ಕೂತ ಮಕ್ಕಳೆಲ್ಲ ಒಟ್ಟಿಗೆ ಉಸಿರು ಬಿಗಿಹಿಡಿದಿದ್ದವು.

"ಅದಕ್ಕೆ ಬೇಲಿ ಇಲ್ವಾ ಮಿಸ್?" ಕೊನೆಗೆ ಮಾರ್ಲಿ ಕೇಳಿದಳು.

"ಇಲ್ಲ ಪುಟ್ಟಿ," ಎಂದಳು ಬ್ರಿಯೋನಿ. ಕಣ್ಣು ತುಂಬಿತ್ತು.

ಗ್ಲೆನಿಸ್ ಗಾಜಿಗೆ ಅಂಗೈ ಒತ್ತಿ ನಿಂತಿದ್ದಳು. "ಕಡಲು ಬರೀ ಕಿತ್ಕೊಳ್ಳುತ್ತೆ ಅಂದ್ಕೊಂಡಿದ್ದೆ ಕಣೇ," ಎಂದಳು ಮೆಲ್ಲಗೆ. ತರಗತಿ ಮುಗಿಯುವವರೆಗೂ ಅಲ್ಲಿಂದ ಕದಲಲಿಲ್ಲ. ಆಮೇಲೆ ಮಗಳ ಪಕ್ಕ ಕೂತು ಹೇಳಿದಳು.

"ಕಿಟಕಿ ತೆರೆಸಿದ್ದು ನಾನೇ. ಆ ಹುಡುಗನ ಕೈಲಿ ಮಾತು ತಗೊಂಡಿದ್ದೆ, ನಿನಗೆ ಹೇಳಬಾರದು ಅಂತ."

"ಅಮ್ಮಾ... ಯಾಕೆ?"

"ನೋಡೋಕೆ ನನಗೆ ಧೈರ್ಯ ಸಾಲುತ್ತೋ ಇಲ್ವೋ ಗೊತ್ತಿರಲಿಲ್ಲ. ನಿನಗೆ ಹೇಳಿದ್ರೆ ನನಗೋಸ್ಕರ ನೀನೇ ಬೇಡ ಅಂತಿದ್ದೆ. ಹುಟ್ಟಿದಾಗಿಂದ ನನಗೋಸ್ಕರ ಕತ್ತಲಲ್ಲೇ ಇದ್ದೀಯ. ಸಾಕು."

ಬ್ರಿಯೋನಿ ಕೋಟು ಕೂಡ ಹಾಕಿಕೊಳ್ಳದೆ ಹೊರಟಳು.

ಬಂದರಿನ ಪಕ್ಕದ ತನ್ನ ಶೆಡ್ಡಿನಲ್ಲಿ ದಾರ್ಕೊ ಮರ ಕೊಯ್ಯುತ್ತಿದ್ದ. ಅವಳನ್ನು ಕಂಡು ಗರಗಸ ನಿಲ್ಲಿಸಿದ.

"ಅಮ್ಮ ಎಲ್ಲ ಹೇಳಿದ್ರು," ಎಂದಳು ಏದುಸಿರಿನಲ್ಲಿ. "ಅಷ್ಟು ಬೈದೆನಲ್ಲ... ಒಂದೇ ಒಂದು ಮಾತು ಹೇಳಬಾರದಿತ್ತಾ?"

"ಕೊಟ್ಟ ಮಾತು ಹೇಗೆ ಮುರೀಲಿ?"

"ಹೊರಡಿ ಅಂದಾಗಲೂ?"

"ಅವತ್ತು ಮುರಿದೇಬಿಡೋಣ ಅನ್ನಿಸ್ತು." ಅವನು ಕೈಯ ಮರದ ಪುಡಿ ಒರೆಸಿಕೊಂಡ. "ನಿಮ್ಮನ್ನ ಮತ್ತೆ ನೋಡೋಕಾಗಲ್ವೇನೋ ಅನ್ನೋ ಭಯಕ್ಕೆ."

ಅವಳು ಅವನ ಮುಖ ನೋಡಿದಳು. ಇಷ್ಟು ದೊಡ್ಡ ಮನುಷ್ಯ, ದನಿ ಮಾತ್ರ ಇಷ್ಟು ಸಣ್ಣಗೆ...

"ಇನ್ನೊಂದು ತಪ್ಪು ಒಪ್ಕೋಬೇಕು," ಎಂದ ಅವನು. "ಆ ಕಪಾಟು ಎರಡು ದಿನದ ಕೆಲಸ. ಎರಡು ವಾರ ಎಳೆದೆ."

"ಗೊತ್ತಿತ್ತು."

"ಗೊತ್ತಿತ್ತಾ?"

"ಒಂದೇ ಹಲಗೆನ ಎಷ್ಟು ಸಲ ಉಜ್ಜುತ್ತೀಯ ಅಂತ ದಿನಾ ಬಾಗಿಲ ಸಂದಿಯಿಂದ ನೋಡ್ತಿದ್ದೆ."

'ನೀವು' ಯಾವಾಗ 'ನೀನು' ಆಯಿತೋ ಅವಳಿಗೇ ತಿಳಿಯಲಿಲ್ಲ. ಅವನಿಗೆ ತಿಳಿಯಿತು.

"ಮತ್ತೆ ಯಾಕೆ ಕೇಳಲಿಲ್ಲ ನೀನು?"

ಬ್ರಿಯೋನಿ ಅವನ ಒರಟು ಕೈಯನ್ನು ತನ್ನೆರಡು ಕೈಯೊಳಗೆ ತೆಗೆದುಕೊಂಡಳು.

"ಕೇಳಿದ್ರೆ ನೀನು ಬೇಗ ಮುಗಿಸಿಬಿಡ್ತಿದ್ದೆಯಲ್ಲ, ದಾರ್ಕೊ."