ಕದರಮಂಡಲಗಿಯ ಪಿಕ್ನಿಕ್ಕು

ಹೆಣ್ಣು ನೋಡುವ ಶಾಸ್ತ್ರವನ್ನು ಮನೆಯಲ್ಲಿ ಮಾಡಿ ಮಾಡಿ ಹೊನ್ನವ್ವನಿಗೆ ಸಾಕಾಗಿತ್ತು. ಬಂದವರು ಉಪ್ಪಿಟ್ಟು ತಿಂದು, ಊರಿಗೆ ಹೋಗಿ ತಿಳಿಸುತ್ತೇವೆ ಎಂದು ಎದ್ದರೆ, ಮರುದಿನ ಬ್ಯಾಡಗಿಯ ಓಣಿಯೆಲ್ಲ ಏನಾಯಿತು ಎಂದು ಕೇಳುವವರೇ. ಅದಕ್ಕೇ ಈ ಸಲ ಆಕೆ ಬೇರೆ ದಾರಿ ಹಿಡಿದಳು. ಮೇ ತಿಂಗಳ ಸೂಟಿ, ಶನಿವಾರ, ಕದರಮಂಡಲಗಿ ಆಂಜನೇಯನ ದರ್ಶನ, ಬುತ್ತಿ ಕಟ್ಟಿಕೊಂಡು ಮನೆಮಂದಿಯ ಪಿಕ್ನಿಕ್ಕು. ರಾಣೇಬೆನ್ನೂರಿನ ಬೀಜದ ಅಂಗಡಿಯ ಗಂಡಿನವರೂ ಅವತ್ತೇ ಅಲ್ಲಿಗೆ ಅಕಸ್ಮಾತ್ತಾಗಿ ಬರುವುದು. ಕೂಡಿಬರದಿದ್ದರೆ ಎರಡೂ ಮನೆಯವರು ರೊಟ್ಟಿ ತಿಂದು ತಂತಮ್ಮ ಊರಿಗೆ ಹೋದರಾಯಿತು, ಯಾರ ಮಾನವೂ ಹೋಗುವುದಿಲ್ಲ.

ಮಗಳು ಶ್ರೀದೇವಿಗೆ ಮೂವತ್ತು ದಾಟಿತ್ತು. ಮೋಟೆಬೆನ್ನೂರಿನ ಶಾಲೆಯಲ್ಲಿ ಟೀಚರು. ಟೆಂಪೋ ಹತ್ತುವಾಗಲೇ ಅವಳು ದಣಿದಿದ್ದಳು. ಸೆರಗು ಸರಿ ಮಾಡಿಕೊ, ತಲೆ ತಗ್ಗಿಸು, ಹಲ್ಲು ಕಾಣದಂತೆ ನಗು ಎಂದು ವರ್ಷಗಟ್ಟಲೆ ಕೇಳಿದ ದಣಿವು ಅದು. ನಿದ್ದೆ ಮಾಡಿದರೆ ಹೋಗುವಂಥದ್ದಲ್ಲ.

ಗುಡಿಯ ಪಕ್ಕದ ಬೇವಿನ ನೆರಳಿನಲ್ಲಿ ಹೊನ್ನವ್ವ ಬುಟ್ಟಿಯ ಮೇಲೆ ಕ್ರೋಶಾದ ಬಟ್ಟೆ ಹಾಸಿ, ಅದರ ಮೇಲೆ ನಾನ್‌ಖಟಾಯಿಯ ಡಬ್ಬಿ ಇಟ್ಟಳು. ಎರಡಕ್ಕೂ "ನಮ್ಮ ಶ್ರೀದೇವೀನ ಮಾಡ್ಯಾಳ" ಎನ್ನುವುದು ಪದ್ಧತಿ. ಬಟ್ಟೆ ಹೆಣೆದದ್ದು ಅವಳ ಅತ್ತಿಗೆ. ನಾನ್‌ಖಟಾಯಿಗೆ ಹಿಟ್ಟು, ತುಪ್ಪ, ಸಕ್ಕರೆ ಮಾತ್ರ ಮನೆಯದು. ಅದನ್ನು ರಾಣೇಬೆನ್ನೂರಿನ ಬೇಕರಿಗೆ ಕಳಿಸಿ ಭಟ್ಟಿಯಲ್ಲಿ ಸುಡಿಸಿ ತಂದಿದ್ದರು.

"ಬಂದಾರ ನೋಡು. ಹುಡುಗ ಆ ಕಟ್ಟಿ ಮ್ಯಾಲೆ ಕುಂತಾನ," ಎಂದು ಪಿಸುಗುಟ್ಟಿ ಹೊನ್ನವ್ವ ಗಂಡಿನ ತಾಯಿಯ ಜೊತೆ ಗುಡಿಯೊಳಗೆ ಹೋದಳು.

ಕಟ್ಟೆಯ ಮೇಲೆ ಒಬ್ಬನೇ ಇದ್ದ. ಮಿರ್ಚಿ ಕಟ್ಟಿ ಕೊಟ್ಟ ಎಣ್ಣೆ ಹತ್ತಿದ ಕಾಗದವನ್ನು ಬಿಸಿಲಿಗೆ ಹಿಡಿದು ಓದುತ್ತಿದ್ದ. ಶ್ರೀದೇವಿ ಡಬ್ಬಿ ಎತ್ತಿಕೊಂಡು ನೇರವಾಗಿ ಅವನ ಮುಂದೆ ಹೋಗಿ ನಿಂತಳು. ಈ ಸಲ ಬೇಗ ಮುಗಿದುಹೋಗಲಿ ಎಂದಷ್ಟೇ ಅವಳ ಆಸೆ.

"ತಗೊಳ್ರಿ. ತಿನ್ನೂಕಿಂತ ಮೊದ್ಲ ಒಂದು ಖರೇ ಮಾತು. ಇವು ನಾ ಮಾಡಿದ್ದಲ್ಲ. ಆ ಕ್ರೋಶಾನೂ ನಂದಲ್ಲ. ನಾ ಚಾ ಸೋಸಿದ್ರ ಅರ್ಧ ಕೆಳಗ ಚೆಲ್ಲತೈತಿ. ಸಾಲಿ ಬಿಟ್ಟು ಬಂದು, ಕಾಲು ಚಾಚಿ ಕಾದಂಬರಿ ಓದೂದು, ಇಷ್ಟ ನನ್ನ ಸುಖ. ಅದೂ ನಾಕು ಪಾನ ಓದೂದ್ರಾಗ ನಿದ್ದಿ ಬರ್ತೈತಿ."

ಅವನು ಒಂದು ಚೂರು ಕಡಿದು ನಿಧಾನವಾಗಿ ಅಗಿದ.

"ನೀವು ಮಾಡಿದ್ದಲ್ಲ ಅನ್ನೂದು ಗೊತ್ತೈತ್ರಿ."

"ಹೆಂಗ?"

"ಇವನ್ನ ಸುಟ್ಟಾವನ ನಾನು."

ಶ್ರೀದೇವಿ ಡಬ್ಬಿಯನ್ನು ಹಿಂದಕ್ಕೆಳೆದುಕೊಂಡಳು. "ನೀವು ಬೀಜದ ಅಂಗಡಿಯವ್ರಲ್ಲೇನ್ರಿ?"

"ಅಲ್ರಿ, ನಾನು ಶಂಭುಲಿಂಗ, ಬೇಕರಿಯಾಂವ. ಬೀಜದ ಅಂಗಡಿ ವಿಜಯಮಹಾಂತೇಶಂದು. ಈಗಷ್ಟ ಕಾಲು ತೊಳಿಯಾಕ ಎದ್ದು ಹೋದ. ದೋಸ್ತ ಅಂತ ನಾ ಗಾಡಿ ಹೊಡ್ಕೊಂಡು ಬಂದೇನಿ."

"ಮತ್ತ ಮೊದ್ಲ ಹೇಳಬಾರದೇನ್ರಿ!"

"ಹೇಳಬೇಕಂದೆ. ನೀವು ಮಾತಾಡೂದು ಕೇಳಾಕ ಚಲೋ ಅನಿಸ್ತು, ಸುಮ್ಮನಾದೆ."

ಎದ್ದು ಹೋಗಬೇಕಿತ್ತು. ಆದರೆ ಅವಳಿಗೆ ಕೂರಬೇಕು ಅನ್ನಿಸಿತು, ಕೂತಳು. ರದ್ದಿಯಲ್ಲಿ ಬಂದ ಕಾಗದವನ್ನು ಓದದೆ ತಾನು ಬ್ರೆಡ್ಡು ಕಟ್ಟುವುದಿಲ್ಲ ಎಂದ ಅವನು. ಕಥೆಗಳ ನಡುವಿನ ಪುಟಗಳೇ ಸಿಗುತ್ತವಂತೆ, ಕೊನೆ ಸಿಗುವುದಿಲ್ಲವಂತೆ. ನಸುಕಿನಲ್ಲಿ ಎದ್ದು ಭಟ್ಟಿಗೆ ಬೆಂಕಿ ಹಾಕುವವನಿಗೆ ಕನ್ಯೆ ಕೊಡಲು ಯಾರೂ ಮುಂದೆ ಬರುವುದಿಲ್ಲ ಎಂದೂ ಹೇಳಿದ, ದೂರುವ ಧಾಟಿಯಿಲ್ಲದೆ.

"ನಿಮ್ಮ ಕಿವಿಗೆ ಈಗೂ ಹಿಟ್ಟು ಹತ್ತೇತಿ," ಎಂದಳು.

ಅವನು ಒರೆಸಿಕೊಂಡದ್ದು ಇನ್ನೊಂದು ಕಿವಿ. ಅವಳು ಹಲ್ಲು ಕಾಣುವಂತೆ ನಕ್ಕಳು. ನಗುವಾಗ ಅವನು ನೋಡಿದ, ನೋಡಿದ್ದು ಅವಳಿಗೆ ಗೊತ್ತಾಯಿತು, ಗೊತ್ತಾದದ್ದು ಅವನಿಗೂ ಗೊತ್ತಾಗಿ ಮತ್ತೆ ಮಿರ್ಚಿ ಕಾಗದ ಎತ್ತಿಕೊಂಡ.

ಊಟದ ಹೊತ್ತಿಗೆ ಎಲ್ಲರೂ ಕೂಡಿದರು. ವಿಜಯಮಹಾಂತೇಶ ಕ್ರೋಶಾ ಹೊಗಳಿದ. "ನಾ ಹೆಣದಿದ್ದಲ್ಲರಿ," ಎಂದು ಶ್ರೀದೇವಿ ಹೇಳಿಯೇಬಿಟ್ಟಳು. ಹೊನ್ನವ್ವನ ಕೈಯಲ್ಲಿದ್ದ ಚಟ್ನಿ ಅಲ್ಲೇ ನಿಂತಿತು. ಆದರೆ ಅವನು, "ಇರ್ಲಿ ಬಿಡ್ರಿ, ಬಟ್ಟಿ ಅಂಗಡ್ಯಾಗೂ ಸಿಗತೈತಿ," ಎಂದು ನಕ್ಕ. ಒಳ್ಳೆಯ ಮನುಷ್ಯ. ಅಲ್ಲೇ, ರೊಟ್ಟಿ ಮುಗಿಯುವಷ್ಟರಲ್ಲಿ, ಗಂಡಿನವರು ಒಪ್ಪಿಗೆ ಎಂದರು.

ದಾರಿಯುದ್ದಕ್ಕೂ ಹೊನ್ನವ್ವ ಸಂತೋಷಕ್ಕೆ ಕಣ್ಣೊರೆಸಿಕೊಂಡಳು. ಮನೆಗೆ ಬಂದು ಶ್ರೀದೇವಿ, "ಒಲ್ಲೆ," ಎಂದಳು.

"ಏನ್ ಕೊರತಿ ಐತಿ ಅವಗ?"

"ಏನೂ ಇಲ್ಲ. ಅವನ ಮುಂದ ಕುಂತಾಗ ನನಗ ಬೆನ್ನು ನೋಯ್ತವ್ವಾ. ಬೇಕರಿಯವನ ಹತ್ರ ಕುಂತಾಗ ಬೆನ್ನು ಐತಿ ಅನ್ನೂದ ಮರತೆ."

ಹೊನ್ನವ್ವ ಗೋಡೆ ಹಿಡಿದು ಕೆಳಗೆ ಕೂತಳು. ಮೊಣಕಾಲು ಒತ್ತಿಕೊಂಡಳು.

"ನಾನೂ ದಣದೇನಿ ಮಗಳ. ಬಂದದ್ದನ್ನ ಕಾಲಿಲೆ ಒದಿಯಾಕತ್ತೀದಿ. ಅಂವ ಒಲ್ಲೆ ಅಂದ್ರ?"

"ಅಂದ್ರ ಅನ್ಲಿ. ಮತ್ತ ಯಾರ ಮುಂದೂ ಕುಂದ್ರಂಗಿಲ್ಲ."

ಹೇಳುವುದು ಸುಲಭ. ಎರಡು ದಿನ ಬಿಟ್ಟು ರಾಣೇಬೆನ್ನೂರಿನ ಬಸ್ಸು ಹತ್ತಿದವಳು ಇಳಿದುಬಿಡಲೆಂದು ಎದ್ದು ಮತ್ತೆ ಕೂತಳು. ಇವನೂ ಊರಿಗೆ ಹೋಗಿ ತಿಳಿಸುತ್ತೇವೆ ಎನ್ನುವವರ ಹಾಗೆ ಮುಖ ತಿರುಗಿಸಿದರೆ ತಾಳಿಕೊಳ್ಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಮಧ್ಯಾಹ್ನ ಬೇಕರಿಯಲ್ಲಿ ಗಿರಾಕಿ ಇರಲಿಲ್ಲ. ಶಂಭುಲಿಂಗ ಕೌಂಟರಿನ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದ. ಅವಳನ್ನು ಕಂಡು ಗಡಬಡಿಸಿ ಎದ್ದ.

"ನಿಮ್ಮ ದೋಸ್ತಗ ಒಲ್ಲೆ ಅಂದೇನ್ರಿ," ಎಂದಳು.

ಅವನ ಮುಖದಲ್ಲಿ ಮೊದಲು ಬಂದದ್ದು ಸಂತೋಷ. ಅದನ್ನು ಅವಳು ನೋಡಿಬಿಟ್ಟಳು. ಆಮೇಲೆ ಬಂದದ್ದು ಹೆದರಿಕೆ. "ನನ್ನಿಂದ ಹಂಗ ಆದ್ರ ಅವಗ ಹೆಂಗ ಮಾರಿ ತೋರಿಸ್ಲಿ?"

"ನಾನ ಫೋನ್ ಮಾಡಿ, ನಿಮ್ಮ ಹೆಸರು ಹೇಳೇನಿ. ಅವರು, ಇನ್ನೊಮ್ಮೆ ಕನ್ಯಾ ನೋಡಾಕ ಆ ಮಗನ್ನ ಕರ್ಕೊಂಡು ಹೋಗಂಗಿಲ್ಲ ಅಂದ್ರು."

ಶಂಭುಲಿಂಗನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಣ್ಣು ಮಾತ್ರ ತುಂಬಿಕೊಂಡವು. "ನೀವು ಹ್ವಾದಾಗಿಂದ ಭಟ್ಟಿಗೆ ಇಟ್ಟ ಒಂದು ಘಾಣಾನೂ ಸರಿ ಬಂದಿಲ್ರಿ, ಎಲ್ಲಾ ಕರಕ ಮಾಡೇನಿ," ಎಂದ. ಭಟ್ಟಿಯವನಿಗೆ ಅದಕ್ಕಿಂತ ದೊಡ್ಡ ಪ್ರೇಮದ ಮಾತು ಬರುತ್ತಿರಲಿಲ್ಲ, ಅವಳಿಗೆ ಬೇಕಾಗಿಯೂ ಇರಲಿಲ್ಲ.

ಅವನು ಸ್ಟೂಲು ಒರೆಸಿ ಕೊಟ್ಟ. ಅವಳು ಚಪ್ಪಲಿ ಬಿಟ್ಟು, ಗೋಡೆಗೆ ಬೆನ್ನು ಆನಿಸಿ ಕೂತಳು.

"ಐತವಾರ ಅವ್ವನ್ನ ಕರ್ಕೊಂಡು ನಿಮ್ಮ ಮನಿಗೆ ಬರ್ತೇನ್ರಿ, ನಿಮ್ಮನ್ನ ನೋಡಾಕ," ಎಂದ ಶಂಭುಲಿಂಗ.

ಶ್ರೀದೇವಿ ಕಣ್ಣು ಮುಚ್ಚಿಕೊಂಡೇ ತಲೆ ಅಲ್ಲಾಡಿಸಿದಳು.

"ನೋಡಾಕ ಬ್ಯಾಡ್ರಿ, ನೋಡಿಸ್ಕೊಂಡು ಸಾಕಾಗೇತಿ. ಕರ್ಕೊಂಡು ಹೋಗಾಕ ಬರ್ರಿ."